ಚುಕ್ಕೆ ಇದೆಯಾ ನೋಡಿ

ಡರ್ಬನ್ನಿನಲ್ಲಿ ಡಿಸೆಂಬರ್ ಬಂತೆಂದರೆ
ನನ್ನ ಫೋನಿಗೆ ನಿದ್ದೆಯಿಲ್ಲ.
ಪರದೆಯ ತುಂಬ ಯಾರದೋ ಅರ್ಧ ಹೆಬ್ಬೆರಳು,
ಅದರಾಚೆ ಕೈನಡುಕಕ್ಕೆ ಕದಡಿದ ಒಂದು ಹಸಿರು ಗೀಟು,
ಕೆಳಗೆ ಒಂದೇ ಮಾತು:
ಮಾಂಬಾ. ಬೇಗ ಬಾ.

ದೂರ ನಿಲ್ಲಿ, ಅನ್ನುತ್ತೇನೆ. ನಾಯಿಯನ್ನು ಕಟ್ಟಿ.
ಕೋಲು ಕೆಳಗಿಡಿ, ಹೌದು, ಆ ಸಲಿಕೆಯನ್ನೂ.
ಈಗ ಹೇಳಿ, ಚುಕ್ಕೆ ಇದೆಯಾ?
ಕುತ್ತಿಗೆಯಿಂದ ನಡುಮೈವರೆಗೆ
ಪೆನ್ನು ಕೊಡವಿದ ಹಾಗೆ ಕಪ್ಪು ಹನಿ?
ಕಣ್ಣು ಮುಖಕ್ಕಿಂತ ದೊಡ್ಡದು ಅನ್ನಿಸುತ್ತದಾ, ಅಂಚಿಗೆ ಬಂಗಾರ?
ಹಲ್ಲಿಯ ಬೆನ್ನಿಗೆ ಬಿದ್ದು ಬರೀ ಗೋಡೆ ಹತ್ತುತ್ತಿದೆಯಾ?
ಹಾಗಿದ್ದರೆ ಅದು ಪೊದೆಹಾವು ಇರಬೇಕು, ಪಾಪದ್ದು.
ಇರಬೇಕು ಅನ್ನುತ್ತೇನೆ, ಹೌದು ಅನ್ನುವುದಿಲ್ಲ.
ನಿಜವಾದ ಮಾಂಬಾಗೆ ಚುಕ್ಕೆಯಿಲ್ಲ, ಆತುರವೂ ಇಲ್ಲ,
ಮಾವಿನ ಮರದಲ್ಲಿ ಎಲೆಯ ನಡುವೆ ಎಲೆಯ ಬಣ್ಣವಾಗಿ
ನಮ್ಮನ್ನು ನೋಡಿಯೂ ನೋಡದಂತೆ ಇದ್ದುಬಿಡುತ್ತದೆ.

ಗ್ಲೆನ್‌ವುಡ್ಡಿನ ಮಿಸೆಸ್ ಪ್ರಿಂಗಲ್ ಕೂಗಿಕೊಂಡ ಮೂರು ಮೀಟರಿನ ಹಾವು
ನಲ್ಲಿಗೆ ಸಿಕ್ಕಿಸಿದ ಪೈಪು.
ಮೊದಲು ನಕ್ಕಿದ್ದು ಆಕೆಯೇ, ಆಮೇಲೆ ಚಹಾ.
ಚಾಟ್ಸ್‌ವರ್ತಿನ ಮೂನ್ಸಾಮಿ ಮೇಷ್ಟ್ರು ಕರೆದದ್ದು ಕೊಂದ ಮೇಲೆ.
ಬಕೆಟ್ಟಿನಲ್ಲಿ ಕಂದು ಹಾವು, ಮುಖದ ಎರಡೂ ಬದಿಗೆ
ಮೂಗಿನಿಂದ ಕಣ್ಣು ದಾಟಿ ಎಳೆದ ಬಿಳಿಚು ಗೆರೆಗಳು.
ಯಾವುದು ಇದು?
ಮನೆಹಾವು ಸಾರ್, ನಿಮ್ಮ ಇಲಿಗಳನ್ನು ತಿನ್ನುತ್ತಿದ್ದದ್ದು.
ಮೇಷ್ಟ್ರು ಬಕೆಟ್ಟಿನ ಮೇಲೆ ಗೋಣಿ ಎಳೆದರು,
ತಪ್ಪುತ್ತರವನ್ನು ಕೈಯಿಂದ ಮುಚ್ಚಿಕೊಳ್ಳುವ ಹುಡುಗನ ಹಾಗೆ.
ಹೆಸರು ಕೇಳುವುದಕ್ಕೂ ಒಂದು ಹೊತ್ತಿದೆ.

ಇನಾಂಡಾದ ಗೋಗೋ ಬಾಜಬುಲಿಲೆ ಚಿತ್ರ ಕಳಿಸಲಿಲ್ಲ.
ಮೊಮ್ಮಗ ಬಾಗಿಲಲ್ಲಿ ಬಡಿಗೆ ಹಿಡಿದು ನಿಂತಿದ್ದಾನೆ,
ಬಂದು ಅವನನ್ನು ಹಿಡಿ, ಅಂದಳು. ಹಾವನ್ನಲ್ಲ.

ಚುಕ್ಕೆ ಇದೆಯಾ ಗೋಗೋ?
ಚುಕ್ಕೆ ತಗೊಂಡು ಏನು ಮಾಡಲಿ,
ಎಡಗಣ್ಣಿನ ಮೇಲೆ ಗಾಯ ಇದೆ.

ಹೋದೆ.
ದುಂಡು ಗುಡಿಸಲಿನ ಹಿಂಬದಿ, ಹಿರಿಯರಿಗೆಂದು ಬಿಟ್ಟ ಜಾಗ,
ಬಿಯರಿನ ಮಡಕೆಯ ಮೇಲೆ, ತೊಲೆಯ ಸಂದಿನಲ್ಲಿ
ತೋಳುದ್ದದ ಹಸಿರು. ಟಾರ್ಚು ಬಿಟ್ಟೆ.
ಚುಕ್ಕೆ ಇತ್ತು.
ಎಡಗಣ್ಣಿನ ಮೇಲೆ ಒಂದು ಹುರುಪೆ ಕಿತ್ತು ಮಾಸಲು ಕಲೆ.
ಇಲಿ ಕಚ್ಚಿರಬಹುದು. ಪೊರೆ ಸರಿಯಾಗಿ ಬಿಡದೆ ಹೋಗಿರಬಹುದು.
ಬಂದರಿನಲ್ಲಿ ಕ್ರೇನಿನ ಕೊಕ್ಕೆ ತಾಗಿ
ಆಕೆಯ ಗಂಡನ ಹುಬ್ಬು ಸೀಳಿದ್ದು ಎಪ್ಪತ್ತಮೂರರಲ್ಲಂತೆ.

ಕುಲದ ಹೊಗಳಿಕೆಯ ಹೆಸರುಗಳನ್ನು ಒಂದೊಂದಾಗಿ
ತೊಲೆಗೆ ಹೇಳಿದಳು. ಹಾವು ನಾಲಗೆ ಚಾಚಿತು.
ಗಾಳಿಯ ರುಚಿ ನೋಡುವುದು ಅದು, ಕೇಳಿಸಿಕೊಳ್ಳುವುದಲ್ಲ,
ಎಂದು ನನ್ನ ಪಾಠ.
ನನ್ನ ಅಮ್ಮನೂ ಇದನ್ನು ಉಮ್‌ಹ್ಲ್ವಾಜಿ ಅನ್ನುತ್ತಿದ್ದಳು,
ದನಿ ತಗ್ಗಿಸಿ, ಮಾವನ ಎದುರು ಮಾತಾಡುವ ಹಾಗೆ.
ನಾನು ಎರಡು ಪದದ ಲ್ಯಾಟಿನ್ ಹೆಸರು ಬಾಯಿಪಾಠ ಮಾಡಿ
ಸರ್ಟಿಫಿಕೇಟು ತಗೊಂಡವನು.

ಯಾರು? ಅಂತ ಗೋಗೋ ಕೇಳಿದಳು.
ತಾತನನ್ನು ನೋಡೇ ಇಲ್ಲದ ಹುಡುಗ, ಮುಷ್ಟಿ ಬಿಳಿಚಿ,
ನನ್ನ ಬಾಯನ್ನೇ ನೋಡುತ್ತಿದ್ದ.
ವಿಷ ಇಲ್ಲ, ಅಂದೆ. ನನಗೆ ಗೊತ್ತಿದ್ದದ್ದು ಅಷ್ಟೇ.
ಅವನಿಗೂ ಇರಲಿಲ್ಲ, ಅಂದಳು.
ಬಡಿಗೆ ಗೋಡೆಗೆ ಒರಗಿತು.

ಖಾಲಿ ಚೀಲದೊಂದಿಗೆ ಗಾಡಿ ಹತ್ತಿದೆ.
ವಹಿಯಲ್ಲಿ ತುಂಬಬೇಕು: ಜಾತಿ, ಉದ್ದ, ಸಿಕ್ಕಿದ ಜಾಗ, ಬಿಟ್ಟ ಜಾಗ.
ಕೊನೆಯ ಎರಡಕ್ಕೂ ಒಂದೇ ಉತ್ತರ. ಮನೆ.

ಅಷ್ಟರಲ್ಲಿ ಫೋನು. ಪೈನ್‌ಟೌನಿನಿಂದ ಮಗುವಿನ ದನಿ:
ಅಂಕಲ್, ಗಿಡ್ಡ ಇದೆ, ಬೂದು ಬಣ್ಣ,
ಬೆನ್ನ ಮೇಲೆ ಕಪ್ಪು ಚೌಕಗಳ ಸಾಲು, ತಲೆಗೆ ಬಾಣದ ಗುರುತು,
ಕಪ್ಪೆ ನುಂಗುತ್ತಿದೆ.
ಎಷ್ಟು ಚೆನ್ನಾಗಿ ನೋಡಿದ್ದೀಯ ಮರಿ, ಅನ್ನಬೇಕಿತ್ತು.
ನೀನು ಎಷ್ಟು ದೂರ ಇದ್ದೀಯ? ಅಂದೆ.
ಹಿಂದೆ ಹೋಗು. ಇನ್ನೂ ಹಿಂದೆ.
ಇನ್ನೂ.